ದೇವರ ಮ್ಯಾಲ ಒಂದು ಲಕ್ಷ

ಹಳೆಯ ಜೋಳದೊಳಗೆ ಒಣಗಿದ ಬೇವಿನ ಸೊಪ್ಪು ಬೆರೆತಾಗ ಒಂದು ವಾಸನೆ ಬರುತ್ತದೆ. ಕಹಿಯೂ ಅಲ್ಲ, ಸಿಹಿಯೂ ಅಲ್ಲ. ಮೂಗಿಗಿಂತ ಮೊದಲು ಗಂಟಲಿಗೆ ತಾಕುವ ವಾಸನೆ. ಹೋದ ಭಾನುವಾರ ಬೀದರಿನ ನಮ್ಮ ಚರ್ಚಿನಲ್ಲಿ ಸುಗ್ಗಿಹಬ್ಬದ ಆರಾಧನೆ ಇತ್ತು. ಸುತ್ತಲಿನ ಹಳ್ಳಿಯವರು ದೇವರಿಗೆಂದು ತಂದ ಕಾಳುಕಡಿ ಮುಂದೆ ಸಾಲಾಗಿ ಕೂತಿತ್ತು. ಪಾದ್ರಿಸಾಬರ ಪ್ರಾರ್ಥನೆ ಮುಗಿಯುವ ಲಕ್ಷಣವೇ ಇರಲಿಲ್ಲ. ನಾನೂ ಕಣ್ಣು ಮುಚ್ಚಿ ನಿಂತಿದ್ದೆ. ಕಣ್ಣು ಮುಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಸಭೆಯಲ್ಲಿ ಯಾರೂ ಇಲ್ಲ ಬಿಡಿ. ಆದರೆ ಒಳಗೆ? ಒಳಗೆ ಸಂತೆ! ನಾಳೆ ಭಾಲ್ಕಿಯ ಬಸ್ಸಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ, ಏಳನೆಯ ಕ್ಲಾಸಿನ ಪೇಪರು ತಿದ್ದಿಲ್ಲ, ಗ್ಯಾಸು ಬಂದ್ ಮಾಡಿ ಬಂದೆನೋ ಇಲ್ಲವೋ, ಪರ್ಸಿನೊಳಗೆ ಮೊಬೈಲು ಗುರ್ ಅಂದಿತಲ್ಲ, ಯಾರದು? ಅಷ್ಟರಲ್ಲಿ ಯಾವುದೋ ಚೀಲದಿಂದ ಆ ವಾಸನೆ ಎದ್ದು ಬಂತು. ಅದರ ಬೆನ್ನಿಗೇ ಮೂವತ್ತೈದು ವರ್ಷ ಹಿಂದಿನ ಒಂದು ದನಿ: “ಏ ಪೋರಿ, ಲಕ್ಷ ಎಲ್ಲದ ನಿಂದು?”

ಅದು ನಮ್ಮ ಆಯಿಯ ದನಿ. ಅಪ್ಪನ ತಾಯಿಯನ್ನು ನಾವು ಹಾಗೇ ಕರೆಯುತ್ತಿದ್ದೆವು. ಔರಾದ ತಾಲೂಕಿನ ಚಿಂತಾಕಿಯಲ್ಲಿ ನಮ್ಮದು ಎರಡು ಖೋಲಿಯ ಮಣ್ಣಿನ ಮನೆ. ಅಪ್ಪ ಬೀದರಿನ ಅಂಚಿನ ಕೊಳಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಆಯಿ, ಅವ್ವ, ನಾನು. ಒಲೆಯ ಪಕ್ಕ ಒಂದು ಗಡಿಗೆ ಇತ್ತು, ಅದು ದೇವರ ಗಡಿಗೆ. ದಿನಾ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಆಯಿ ಚೀಲದಿಂದ ಒಂದು ಹಿಡಿ ಜೋಳ ತೆಗೆದು, ಕಣ್ಣು ಮುಚ್ಚಿ, ಒಬ್ಬರ ಹೆಸರು ಹೇಳಿ ಆ ಗಡಿಗೆಗೆ ಹಾಕುತ್ತಿದ್ದಳು. ಭಾನುವಾರ ಆ ಜೋಳ ಚರ್ಚಿಗೆ. ನುಸಿ ಹಿಡಿಯಬಾರದೆಂದು ನಡುನಡುವೆ ಬೇವಿನ ಸೊಪ್ಪು. ಆಯಿ ಪ್ರಾರ್ಥನೆ ಮಾಡುವಾಗ ನಾನು ಇರುವೆ ನೋಡುತ್ತಲೋ ಮೂಗು ಕೆರೆಯುತ್ತಲೋ ಕೂತರೆ, ಕಣ್ಣು ತೆರೆಯದೆಯೇ ಹಿಡಿಯುತ್ತಿದ್ದಳು: “ಲಕ್ಷ ಎಲ್ಲದ?” ಲಕ್ಷ ಅಂದರೆ ನಮ್ಮ ಕಡೆ ಗಮನ. ದೊಡ್ಡವರಿಗೆಲ್ಲ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಕಾಮಣಿಯಾಯಿತು. ಕಣ್ಣು ಹಳದಿ, ಉಗುರು ಹಳದಿ. ನಾಟಿ ಔಷಧಿಗೆ ಇಳಿಯಲಿಲ್ಲ. ಅಪ್ಪ ಬಂದು ಬೀದರಿನ ದವಾಖಾನೆಗೆ ಕರೆದುಕೊಂಡು ಹೋದ. ಬಸ್ಸು ಮರೆಯಾದ ಮೇಲೆ ನಾನು ಅಳುತ್ತ ನಿಂತಿದ್ದರೆ ಆಯಿ ತಲೆ ಸವರಿ ಅಂದಳು: “ಅಳಬ್ಯಾಡ. ದೇವರ ಮ್ಯಾಲ ಲಕ್ಷ ಇಡು. ಲಕ್ಷ ಇಟ್ಟೋರ ಕೈ ಅವ ಬಿಡೂದಿಲ್ಲ.” ಸಾಲಿಯಲ್ಲಿ ಆಗ ತಾನೇ ಕಲಿತಿದ್ದೆವು: ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಅಬ್ಬಾ, ಇಷ್ಟು ದಿನ ಆಯಿ ಕೇಳುತ್ತಿದ್ದದ್ದು ಇದಾ! ನನ್ನ ಪಾಲಿನ ಲಕ್ಷ ನಾನು ದೇವರಿಗೆ ಇಟ್ಟೇ ಇಲ್ಲವಲ್ಲ! ಅವತ್ತೇ ಬಿಸ್ಕೀಟಿನ ಖಾಲಿ ಡಬ್ಬಿ ಹುಡುಕಿ, ಜೋಳದ ಚೀಲದ ಹಿಂದೆ ಕೂತು, ಒಂದೊಂದೇ ಕಾಳು ಎಣಿಸಿ ಹಾಕತೊಡಗಿದೆ. ನೂರಾದರೆ ಗೋಡೆಗೆ ಇದ್ದಲಿನಿಂದ ಒಂದು ಗೀಟು. ಸಾವಿರ ಗೀಟಾದರೆ ಅವ್ವ ಮನೆಗೆ ಬರುತ್ತಾಳೆ.

ಆದರೆ ನನ್ನ ಹಾಳು ಬುದ್ಧಿ! ಅರವತ್ತಕ್ಕೆ ಬಂದಾಗ ಹೊರಗೆ ಕೋಳಿ ಕೂಗುವುದು, ಎಂಬತ್ತಕ್ಕೆ ಬಂದಾಗ ಗೆಳತಿ ಕರೆಯುವುದು. ಎಣಿಕೆ ತಪ್ಪಿದರೆ ಆ ನೂರನ್ನು ಸುರುವಿ ಮತ್ತೆ ಒಂದರಿಂದ. ಕಳ್ಳ ಗೀಟು ಎಳೆಯಲು ಕೈ ತುರಿಸುತ್ತಿತ್ತು, ದೇವರು ನೋಡುತ್ತಾನೆಂದು ಬಿಡುತ್ತಿದ್ದೆ. ಒಂದು ಮಧ್ಯಾಹ್ನ ಬೇಸರ ಬಂದು ಎದ್ದು ಆಡಲು ಹೋದೆ, ಕತ್ತಲಾಗುವವರೆಗೆ ಕುಂಟಲಿಪಿ ಆಡಿದೆ. ಮರುದಿನ ಅವ್ವನನ್ನು ತಂದರು. ಗೋಡೆಯ ಮೇಲೆ ನಾನೂರಾ ಹನ್ನೆರಡು ಗೀಟಿದ್ದವು.

ಮಣ್ಣಾದ ಮೂರನೆಯ ದಿನ ಆಯಿ ನನ್ನನ್ನು ಚೀಲದ ಹಿಂದೆ ಹುಡುಕಿ ಹಿಡಿದಳು. ಡಬ್ಬಿ ನೋಡಿದಳು, ಗೋಡೆ ನೋಡಿದಳು. ಬಿಕ್ಕುತ್ತ ಎಲ್ಲ ಹೇಳಿದೆ: “ಲಕ್ಷ ಆಗ್ಲಿಲ್ಲ ಆಯಿ. ನಾ ಆಡ್ಲಾಕ ಹೋದೆ. ಅದಕ್ಕೇ ಅವ್ವ ಸತ್ಲು.” ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ನಗಲಿಲ್ಲ. ನೆಲಕ್ಕೆ ಕುಸಿದು ಕೂತು ನನ್ನನ್ನು ಎಳೆದುಕೊಂಡಳು. “ಹುಚ್ಚಿ, ಆ ಲಕ್ಷ ಅಲ್ಲವ್ವ. ನನ್ನ ಲಕ್ಷ ಪೂರಾ ಅವನ ಮ್ಯಾಲೇ ಇತ್ತು ನೋಡು, ಅತ್ಲಾಗ ಇತ್ಲಾಗ ಹೋಗಿದ್ದಿಲ್ಲ. ಆದ್ರೂ ಹ್ವಾದ್ಲು. ನಿಂದೇನ್ ತಪ್ಪಿಲ್ಲ.” “ಮತ್ತ ದೇವರದು?” ಅಂದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಲೆ ಹೊತ್ತಿತು. ಆಯಿ ಚೀಲಕ್ಕೆ ಕೈ ಹಾಕಿ ಹಿಡಿ ತುಂಬಿದಳು. ಕೈ ಗಡಿಗೆಯ ಮೇಲೆ ಹಾಗೇ ನಿಂತುಬಿಟ್ಟಿತು. ಹಾಕದಿರಲಿ ಎಂದು ನಾನು ಹಲ್ಲು ಕಚ್ಚಿ ನೋಡುತ್ತಿದ್ದೆ, ದೇವರ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ಅವಳು ಹಾಕಿದಳು. “ಯಾಕ ಹಾಕ್ತಿ ಅವನಿಗಿ?” ಎಂದು ಚೀರಿದೆ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು: “ನನಗೂ ಸಿಟ್ಟದ. ಇದು ಸಿಟ್ಟಿಂದೇ ಹಿಡಿ. ಆದ್ರೂ ಹಾಕ್ತೇನಿ, ಅವ ತಿಳಕೋಲಿ. ಹೋಗು, ನಿಂದೂ ತಾ.” ನಾನು ಡಬ್ಬಿ ತಂದು ಆ ಗಡಿಗೆಗೇ ಸುರುವಿದೆ. ನನ್ನ ನಾನೂರಾ ಹನ್ನೆರಡು ನೂರು ಅದರೊಳಗೆ ಎಲ್ಲಿ ಹೋಯಿತೋ ಕಾಣಲೇ ಇಲ್ಲ.

ಆಯಿ ಹೋಗಿ ಬಹಳ ವರ್ಷವಾಯಿತು. ಚಿಂತಾಕಿಯ ಆ ಮನೆಯ ಗೋಡೆ ಬಿತ್ತು, ಗೀಟುಗಳೂ ಮಣ್ಣಾದವು. ನಾನೀಗ ರೊಟ್ಟಿಯನ್ನೇ ಅಂಗಡಿಯಿಂದ ತರುತ್ತೇನೆ, ಮನೆಯಲ್ಲಿ ಚೀಲವೂ ಇಲ್ಲ, ಗಡಿಗೆಯೂ ಇಲ್ಲ. ಪ್ರಾರ್ಥನೆಗೆ ಕೂತರೆ ಅರವತ್ತಕ್ಕೋ ಎಂಬತ್ತಕ್ಕೋ ಇವತ್ತಿಗೂ ಕೋಳಿ ಕೂಗುತ್ತದೆ. ಮತ್ತೆ ಒಂದರಿಂದ ಶುರು ಮಾಡುತ್ತೇನೆ, ಮತ್ತೆ ತಪ್ಪುತ್ತೇನೆ, ನನ್ನ ಮೇಲೆ ನನಗೇ ರೇಗುತ್ತದೆ.

ಯಾರೋ ಭುಜ ಮುಟ್ಟಿದರು. ಕಣ್ಣು ತೆರೆದರೆ ಸಭೆ ಎದ್ದು ಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು ನನ್ನ ಒದ್ದೆ ಕೆನ್ನೆಯನ್ನೇ ನೋಡುತ್ತಿದ್ದಳು. “ಪ್ರಾರ್ಥನಿ ಆಗಲೇ ಮುಗೀತ್ರಿ ಟೀಚರ್. ಏನ್ ಲಕ್ಷರಿ ನಿಮ್ದು ದೇವರ ಮ್ಯಾಲ! ನಮಗ ಬರಂಗಿಲ್ಲ ನೋಡ್ರಿ,” ಅಂದಳು. ನನಗೆ ನಾಚಿಕೆಯಾಯಿತು, ಸುಮ್ಮನೆ ತಲೆಯಾಡಿಸಿದೆ. ಆಯಿ ಇದ್ದಿದ್ದರೆ ಕಣ್ಣು ತೆರೆಯದೆಯೇ ಹಿಡಿಯುತ್ತಿದ್ದಳು. ಲಕ್ಷ ಎಲ್ಲದ ಎಂದು ನನ್ನನ್ನು ಕೇಳುವವರು ಈಗ ಯಾರೂ ಇಲ್ಲ.