ಹಿತ್ತಲಿನ ಮಹಾರಾಷ್ಟ್ರ

ಕಾಗವಾಡದ ನಮ್ಮ ಮನೆ ಕರ್ನಾಟಕದಲ್ಲಿದೆ. ಹಿತ್ತಲೂ ಕರ್ನಾಟಕದಲ್ಲೇ ಇದೆ. ಬೇಕಿದ್ದರೆ ಜಾಗದ ದಾಖಲೆ, ಉತಾರ, ತೆಗೆಸಿ ನೋಡಬಹುದು. ಆದರೆ ಮೊಬೈಲ್ ಇದನ್ನು ಒಪ್ಪುತ್ತಿರಲಿಲ್ಲ. ಪಡಸಾಲೆ ದಾಟಿ, ಬಚ್ಚಲು ದಾಟಿ, ಬೇವಿನ ಮರದ ಕೆಳಗೆ ಹೋದೊಡನೆ ಅದು ಗಡಿಯಾಚೆಯ ಟವರ್ ಹಿಡಿದು, ಮಹಾರಾಷ್ಟ್ರಕ್ಕೆ ಸ್ವಾಗತ ಎಂದು ಸಂದೇಶ ತೋರಿಸುತ್ತಿತ್ತು. ಗಡಿ ವಿವಾದವನ್ನು ಇಷ್ಟು ಸುಲಭವಾಗಿ ಬಗೆಹರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದು ಬೇವಲ್ಲ, ಹುಣಸೆ ಎಂದು ತಂಗಿ ವಾದಿಸುತ್ತಾಳೆ. ಎರಡೂ ಇದ್ದವು ಎನ್ನುತ್ತಾಳೆ ಅವ್ವ. ನನ್ನ ನೆನಪಿನಲ್ಲಿ ಒಂದೇ ಮರಕ್ಕೆ ಜಾಗ.

ಆಗ ರೋಮಿಂಗಿನಲ್ಲಿ ಬಂದ ಕರೆಗೂ ದುಡ್ಡು ಹೋಗುತ್ತಿತ್ತು. ಅಪ್ಪ ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ಮನುಷ್ಯ. ಆದರೂ ಬೇರೊಂದು ರಾಜ್ಯದಲ್ಲಿ ಕೂತು ಪುಕ್ಕಟೆ ಮಾತು ಕೇಳಲು ದುಡ್ಡು ಕೊಡುವುದು ಅವರಿಗೆ ಸರ್ವಥಾ ಒಪ್ಪಿಗೆಯಿರಲಿಲ್ಲ.

ಮನೆಯೊಳಗೆ ಮಾತ್ರ ಅವರು ಜಗತ್ತಿಗೆ ಸಿಕ್ಕವರು. ದೊಡ್ಡ ಮೊಬೈಲ್ ಬಂದ ಮೇಲೆ ಕಬ್ಬಿನ ದರದ್ದೊಂದು ಗ್ರೂಪು, ದ್ರಾಕ್ಷಿಯದೊಂದು, ಬೀಗರದೊಂದು, ಬೆಳಗಾದರೆ ಹೂವಿನ ಚಿತ್ರ ಕಳಿಸುವವರದೊಂದು. ಎಲ್ಲದರಲ್ಲೂ ಅವರ ಹಳೆಯ ಗೆಳೆಯನೊಬ್ಬನಿದ್ದ. ಸಾಂಗಲಿ ಕಡೆ ಆಣಿಕಲ್ಲಿನ ಮಳೆ ಬಿದ್ದ ಸುದ್ದಿಯನ್ನು ಗ್ರೂಪಿಗೆ ಹಾಕಿ, ಅದು ತಲುಪಿತೇ ಎಂದು ಫೋನ್ ಮಾಡಿ ಕೇಳುವುದು ಅವನ ಪದ್ಧತಿ.

ಇದರಲ್ಲಿ ಅವ್ವ ಸೋತಿದ್ದಳು. ಮಂಗಸೂಳಿಯಲ್ಲಿರುವ ಅವಳ ಅಕ್ಕ ಒದೆಯುವ ಎಮ್ಮೆಯೊಂದನ್ನು ಕೊಂಡು, ಅದನ್ನು ಮಾರಿದವನ ಮನೆಗೇ ಹೊಡೆದುಕೊಂಡು ಹೋಗಿದ್ದಳು. ಆ ಪ್ರಸಂಗವನ್ನು ಅಪ್ಪನಿಗೆ ಹೇಳಬೇಕೆಂಬುದು ಅವ್ವನ ಆಸೆ. ಊಟಕ್ಕೆ ಕೂತಾಗೆಲ್ಲ ಶುರು ಮಾಡುವಳು. "ಆಗ ನಮ್ಮಕ್ಕ ಏನಂದ್ಳು ಗೊತ್ತೇನ್ರಿ?" ಎನ್ನುವಷ್ಟರಲ್ಲಿ ಫೋನ್ ರಿಂಗಾಗುತ್ತಿತ್ತು. ಕಥೆಯಲ್ಲಿ ಅಕ್ಕ ಎಮ್ಮೆ ಮಾರಿದವನ ಬಾಗಿಲಲ್ಲಿ ಬಾಯಿ ತೆರೆದು ನಿಂತೇ ಇರುತ್ತಿದ್ದಳು.

ಒಂದು ಸಂಜೆ ಅವ್ವ ಚಹಾದ ಕಪ್ಪುಗಳನ್ನು ಹಿತ್ತಲಿನ ಹಗ್ಗದ ಮಂಚಕ್ಕೆ, ನಮ್ಮ ಹೊರಸಿಗೆ, ಒಯ್ದಳು. ಚಹಾದ ಹಿಂದೆ ಅಪ್ಪ ಹೋದರು. ಮೊಬೈಲ್ ರಿಂಗಾಯಿತು, ರೋಮಿಂಗ್ ನೋಡಿ ಅವರು ಅದರ ಬಾಯಿ ಮುಚ್ಚಿದರು. ಅಂದಿನಿಂದ ಚಹಾ ಮಹಾರಾಷ್ಟ್ರದಲ್ಲೇ ಆಗತೊಡಗಿತು. ಎಮ್ಮೆ ಮುಗಿದು ಅದರ ಕರು, ಕರು ಮುಗಿದು ಅಕ್ಕನ ಸೊಸೆ, ಹೀಗೆ ವರ್ಷಗಟ್ಟಲೆ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನು, ಶಾಂತಿಯನ್ನು ಕ್ರಮಬದ್ಧವಾಗಿ ಹುಡುಕುತ್ತಿದ್ದೆ. ಒಂದು ವಾರ ಎಲ್ಲ ಮಾಹಿತಿಯಿಂದ ದೂರವಿರುತ್ತೇನೆಂದು ಜಾಲತಾಣದಲ್ಲಿ ದೀರ್ಘವಾಗಿ ಘೋಷಿಸಿ ಹೊರಸಿನ ಮೇಲೆ ಹೋಗಿ ಕೂತೆ. ಆಮೇಲೆ ಎಷ್ಟು ಮಂದಿ ಮೆಚ್ಚಿದರೆಂದು ನೋಡಲು ಪಡಸಾಲೆಗೆ ಬಂದೆ. ಮತ್ತೆ ಹೋದೆ. ಮತ್ತೆ ಬಂದೆ.

"ಏನೋ ಇದು?" ಎಂದಳು ಅವ್ವ.

"ಮೊಬೈಲಿನ ಉಪವಾಸ."

"ನಿನ್ನ ಉಪವಾಸದಾಗ ತಿನ್ನೂ ಫರಾಳನ ಭಾಳ ಆತಲ್ಲೊ."

ಕೊನೆಗೊಂದು ದಿನ ರೋಮಿಂಗ್ ದರ ಹೋಯಿತು. ದೇಶವೆಲ್ಲ ಒಂದಾಯಿತೆಂದು ಗ್ರೂಪಿನಲ್ಲಿ ಸಂಭ್ರಮ. ಗೆಳೆಯ ಕೂಡಲೇ ಫೋನ್ ಮಾಡಿದ. "ಇನ್ನ ನೀ ಎಲ್ಲಿ ಕುಂತ್ರೂ ಬಿಡಂಗಿಲ್ಲ ಮಗನ!" ಎಂಬ ಅವನ ಕೂಗು ಹೊರಸಿನಿಂದ ಅಡುಗೆಮನೆಗೂ ಕೇಳಿಸಿತು. ಅವ್ವನ ಅಕ್ಕ ಆಗ ಹೊಸ ಬಾವಿಯ ವಿಷಯಕ್ಕೆ ಮೈದುನನ ಜೊತೆ ಜಗಳಕ್ಕೆ ನಿಂತಿದ್ದಳು. ಅಲ್ಲೇ ನಿಂತಳು. ಚಹಾ ಆರತೊಡಗಿತು. ಕೆಲವು ಸಂಜೆಗಳ ನಂತರ ಅವ್ವ ತನ್ನ ಕಪ್ಪನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಳು. ಅಪ್ಪನಿಗೆ ಅದು ತಕ್ಷಣ ಗೊತ್ತಾಗಲಿಲ್ಲ, ಅವರು ಆಣಿಕಲ್ಲಿನಲ್ಲಿದ್ದರು.

ಗೊತ್ತಾದ ದಿನ ಅವರೇ ಅಡುಗೆಮನೆ ಬಾಗಿಲಿಗೆ ಬಂದು, "ಏನಽ, ಬರೂದಿಲ್ಲೇನ ಹಿತ್ತಲಕ?" ಎಂದರು.

"ನಿಮಗ ಹೇಳೂ ಮಂದಿ ಭಾಳ ಐತಿ, ಕೇಳ್ಕೋರಿ."

ಆದರೂ ಕಪ್ಪು ಹಿಡಿದು ಹೊರಟಳು. ಕೂರುತ್ತಿದ್ದಂತೆ ಫೋನ್ ರಿಂಗಾಯಿತು. ಅಪ್ಪನ ಕೈ ಹೋಗುವ ಮೊದಲೇ ಅವ್ವ ಎತ್ತಿದಳು.

"ಅವರು ಮಹಾರಾಷ್ಟ್ರದಾಗ ಅದಾರ್ರಿ."

ಗೆಳೆಯನ ದನಿ: "ಹೌದಾ! ಯಾವಾಗ ಬರ್ತಾನ್ರಿ ವೈನಿ?"

"ಚಾ ಕುಡದ ಬರ್ತಾರು."

ಫೋನ್ ಬಂದ್ ಮಾಡಿ ಮಡಿಲಲ್ಲಿಟ್ಟುಕೊಂಡಳು. ಅಪ್ಪ ಅವಳ ಮುಖ ನೋಡಿದರು, ಮರ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಷ್ಟು ಜೋರಾಗಿ ನಗಬಾರದಿತ್ತು. ಗೆಳೆಯ ಫೋನ್ ಮಾಡಿದ್ದು ನಮ್ಮ ಮುಂಬಾಗಿಲ ಕಟ್ಟೆಯಿಂದಲೇ.

"ವೈನಿ," ಎನ್ನುತ್ತ ಬಚ್ಚಲ ಹತ್ತಿರ ಬಂದು ನಿಂತ, "ಮಹಾರಾಷ್ಟ್ರದಾಗ ನಗೂದು ಇಲ್ಲೀತನಾ ಕೇಳಾಕತ್ತೈತಲ್ರಿ!"

ಅವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳೇ ಹೊರತು ಅಳುಕಲಿಲ್ಲ. "ಬರ್ರಿ ಅಣ್ಣಾರ, ಚಾ ಐತಿ. ಫೋನ್ ಅಲ್ಲೇ ಕರ್ನಾಟಕದಾಗ ಇಟ್ಟ ಬರ್ರಿ."

ಅವನು ಅದನ್ನು ಬಚ್ಚಲ ಪಕ್ಕದ ಬೀಸುಕಲ್ಲಿನ ಮೇಲಿಟ್ಟು ಬಂದ. ತನ್ನ ಚಹಾದಲ್ಲಿ ಅರ್ಧವನ್ನು ಅವ್ವ ಅವನಿಗೆ ಬಗ್ಗಿಸಿದಳು. ಬೀಸುಕಲ್ಲು ರಿಂಗಾಗತೊಡಗಿತು. ಅವನು ಅರ್ಧ ಎದ್ದ.

"ಕುಂದ್ರಲೇ, ರೋಮಿಂಗ್ ಹತ್ತತೈತಿ," ಎಂದು ಅಪ್ಪ ಅವನ ಭುಜ ಒತ್ತಿ ಕೂರಿಸಿ, ಅವ್ವನ ಕಡೆ ತಿರುಗಿದರು. "ಹೂಂ. ಬಾವಿ ಮುಂದ ನಿಂತ ನಿಮ್ಮಕ್ಕ ಏನಂದ್ಳು?"

ಅವ್ವ ಹೇಳಿದಳು. ಇಬ್ಬರೂ ಗಂಡಸರು ಬಾಯಿ ತೆರೆದು ಕೇಳಿದರು. ಇಷ್ಟು ನನಗೆ ಖಚಿತ. ಅಕ್ಕ ಏನಂದಳು ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಆ ಹೊತ್ತಿಗೆ ನಾನು ಪಡಸಾಲೆಯಲ್ಲಿ ನನ್ನ ಮೊಬೈಲ್ ನೋಡುತ್ತಿದ್ದೆ ಎಂದು ತಂಗಿ ಹೇಳುತ್ತಾಳೆ. ಮರದ ವಿಷಯದಲ್ಲಿ ಅವಳ ಮಾತು ನಂಬದಿದ್ದರೂ ಇದನ್ನು ನಂಬುತ್ತೇನೆ.