ಅಣ್ಣನ ಕೊರಳ ಲಿಂಗ

ಚಲೇಜಾವ್ ಚಳವಳಿಯಲ್ಲಿ ತಂತಿ ಕತ್ತರಿಸಿದನೆಂದು ಪೊಲೀಸರು ಅಣ್ಣನನ್ನು ಗೋಕಾಕಕ್ಕೆ ಹಿಡಿದೊಯ್ದರು. ವಾರದ ಮೇಲೆ ಜಮಾದಾರನೊಬ್ಬ ಮನೆಗೆ ಬಂದ. ಅಣ್ಣ ತಪ್ಪಿಸಿಕೊಂಡು ಓಡುವಾಗ ಧುಪದಾಳದ ಹತ್ತಿರ ಹೊಳೆಗೆ ಬಿದ್ದನಂತೆ, ಹೆಣ ಸಿಗಲಿಲ್ಲವಂತೆ. ಠಾಣೆಯಲ್ಲಿ ಉಳಿದಿತ್ತೆಂದು ಅವನ ಕೊರಳ ಲಿಂಗವನ್ನು ಅವ್ವನ ಮುಂದಿಟ್ಟ.

“ನನ್ನ ಮಗಾ ಜಳಕಾ ಮಾಡುವಾಗೂ ಇದನ್ನ ತಗೀತಿದ್ದಿಲ್ರಿ. ಕೊಳ್ಳಾಗಿಂದ ತಗದವ್ರು ಯಾರ್ರಿ?” ಎಂದು ಅವ್ವ ಕೇಳಿದಳು.

ಜಮಾದಾರ ಎದ್ದುಹೋದ. ಅದನ್ನೇ ಅವ್ವ ಮಾಮಲೇದಾರ ಕಚೇರಿಯಲ್ಲಿ ಕೇಳಿದಳು, ಬೆಳಗಾವಿಗೆ ಹೋಗಿ ಕೇಳಿದಳು. ಸ್ವರಾಜ್ಯ ಬಂತು, ನಮ್ಮವರೇ ಸಾಹೇಬರಾದರು. ಅವರನ್ನೂ ಕೇಳಿದಳು. ಕುರ್ಚಿ ಕೊಟ್ಟರು, ಉತ್ತರ ಕೊಡಲಿಲ್ಲ.

ನಮ್ಮಲ್ಲಿ ಸತ್ತವರ ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಅಣ್ಣನಿಗೆ ಮಣ್ಣೂ ಸಿಗಲಿಲ್ಲ. ಅವ್ವ ಅವನ ಲಿಂಗವನ್ನು ಸಾಯುವ ತನಕ ತನ್ನದರ ಜೊತೆಗೇ ಕಟ್ಟಿಕೊಂಡಿದ್ದಳು. ಅವಳನ್ನು ಮಣ್ಣು ಮಾಡುವಾಗ ಅಂಗೈಯಲ್ಲಿ ಎರಡು ಲಿಂಗ ಇಟ್ಟೆವು.