ಪೊರಕೆ ಗಾಡಿ ಹೋದ ಮೇಲೆ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಸೊಗಮೊಸೊ ಪೇಟೆಯ ಬಸ್ ನಿಲ್ದಾಣದ ಹಿಂದೆ ಹಾಲಿನ ಲಾರಿಯೊಂದು ಗುರುಗುಟ್ಟುತ್ತ ನಿಂತಿದೆ. ಅದರ ಹಿಂಬದಿಯಲ್ಲಿ, ಖಾಲಿ ಕ್ಯಾನುಗಳ ನಡುವೆ, ಉಣ್ಣೆಯ ರುವಾನಾ ಹೊದ್ದ ಹೆಂಗಸು, ಎದೆಲ್ಮಿರಾ ಸೆಲಿ, ಕೂತಿದ್ದಾರೆ. ಮಡಿಲಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಈಗಷ್ಟೇ ಒಲೆಯಿಂದ ಇಳಿದ, ಮೆಕ್ಕೆಜೋಳದ ಹಿಟ್ಟು ಮತ್ತು ಚೀಸ್ ಕಲಸಿ ಸುಟ್ಟ ಅಲ್ಮೊಹಾಬಾನಾ ಬನ್ನುಗಳು. ಬನ್ನುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಹಳೆಯ ಕ್ಯಾಮೆರಾ. ಅದರ ಬ್ಯಾಟರಿ ಮಾತ್ರ ಬನ್ನುಗಳ ನಡುವೆಯೇ ಬೆಚ್ಚಗೆ ಮಲಗಿದೆ, ಏಕೆಂದರೆ ಘಟ್ಟದ ಚಳಿಗೆ ಸಿಕ್ಕರೆ ಅದು ಮಧ್ಯಾಹ್ನದೊಳಗೆ ಕೈಕೊಡುತ್ತದೆ.

"ಏನ್ ದೊನ್ಯಾ, ಇವತ್ತೂ ಸೈಕಲ್ ಹುಡುಗ್ರ ಹಿಂದೇನಾ?" ಎಂದು ಲಾರಿಯ ಒಡೆಯ ದೊನ್ ಪಾರ್ಮೆನಿಯೊ ಮುಂದಿನಿಂದ ಕೂಗುತ್ತಾರೆ; ನಮ್ಮ ಕಡೆ ಹೆಂಗಸರಿಗೆ ದೊನ್ಯಾ, ಗಂಡಸರಿಗೆ ದೊನ್ ಎನ್ನುವುದು ಮರ್ಯಾದೆ. "ಇಷ್ಟೊತ್ತಿಗೆ ಯಾವನಾದ್ರೂ ಒಬ್ಬನ್ನ ಹಿಡ್ಕೊಂಡು ಮದ್ವೆ ಆಗ್ಬಹುದಿತ್ತು."

"ಹಿಡೀಬೇಕಂದ್ರೆ ಅವ್ರು ನಿಲ್ಬೇಕಲ್ಲ. ತಗೊಳಿ ನಿಮ್ಮ ಬಾಡಿಗೆ. ಬಿಸಿ ಇದೆ, ಬಾಯಿ ಸುಟ್ಕೋಬೇಡಿ."

ಎರಡು ಅಲ್ಮೊಹಾಬಾನಾ ಕೈ ಬದಲಾಗುತ್ತವೆ, ಲಾರಿ ಹೊರಡುತ್ತದೆ. ಎದೆಲ್ಮಿರಾ ಹೀಗೆಯೇ ಬೊಯಾಕಾ ಪ್ರಾಂತ್ಯದ ಮೂಲೆ ಮೂಲೆ ಸುತ್ತಿದ್ದಾರೆ. ಹಾಲಿನ ಲಾರಿ, ಆಲೂಗೆಡ್ಡೆ ಲಾರಿ, ಒಮ್ಮೆ ಕುರಿಗಳನ್ನು ತುಂಬಿದ ಜೀಪು, ಇನ್ನೊಮ್ಮೆ ಪಾದ್ರಿಗಳ ಕಾರು. ಪಾದ್ರಿಗಳು ಮಾತ್ರ ಬಾಡಿಗೆಯ ಬನ್ನನ್ನು ಅರ್ಧ ಡಜನ್ನಿನವರೆಗೂ ಎಳೆದರಂತೆ, ಆ ಕಥೆ ಹೇಳುವಾಗ ಎದೆಲ್ಮಿರಾರಿಗೆ ಈಗಲೂ ನಗು ತಡೆಯುವುದಿಲ್ಲ. ರಾತ್ರಿ ತಂಗಬೇಕಾಗಿ ಬಂದರೆ ದಾರಿಬದಿಯ ಉಪಾಹಾರದ ಮನೆಯವರು ಒಲೆಯ ಪಕ್ಕ ಜಾಗ ಕೊಡುತ್ತಾರೆ. ಬೆಳಗ್ಗೆ ಅವರ ಮಕ್ಕಳದೊಂದು ಫೋಟೊ ತೆಗೆದುಕೊಟ್ಟರೆ ಋಣ ತೀರಿತು.

ವಾರವೆಲ್ಲ ಅವರು ಬಸ್ ನಿಲ್ದಾಣದ ಮೂಲೆಯಲ್ಲಿ ಬನ್ನು ಮಾರುವವರು. ಕ್ಯಾಮೆರಾ ಬಂದದ್ದು ಮದುವೆಯ ಫೋಟೊ ತೆಗೆಯುತ್ತಿದ್ದ ಮುದುಕರೊಬ್ಬರಿಂದ, ಅರ್ಧ ದುಡ್ಡಿಗೆ, ಅರ್ಧ ಬನ್ನಿಗೆ. ಯಾರೂ ಕಲಿಸಿದ್ದಲ್ಲ, ಯಾವ ಪತ್ರಿಕೆಯೂ ಕಳಿಸಿದ್ದಲ್ಲ. ಸೈಕಲ್ ಸ್ಪರ್ಧೆಯ ದಿನ ಅಧಿಕೃತ ಛಾಯಾಗ್ರಾಹಕರು ಮೋಟಾರು ಬೈಕಿನ ಹಿಂದೆ ಕೂತು ಸವಾರರ ಮುಂದೆ ಮುಂದೆ ಓಡುವಾಗ, ಎದೆಲ್ಮಿರಾ ಒಂದೇ ತಿರುವಿನಲ್ಲಿ ಬೆಳಗಿನಿಂದ ನಿಂತಿರುತ್ತಾರೆ. ತೆಗೆದ ಚಿತ್ರಗಳನ್ನು ಸವಾರರ ತಾಯಂದಿರಿಗೆ ಕಳಿಸುತ್ತಾರೆ. ಗೆದ್ದವನ ಚಿತ್ರ ಎಲ್ಲರೂ ತೆಗೆಯುತ್ತಾರೆ, ಇಪ್ಪತ್ತನೆಯವನ ತಾಯಿಗೆ ಯಾರು ಕೊಡುತ್ತಾರೆ ಎಂಬುದು ಅವರ ಪ್ರಶ್ನೆ.

ಇವತ್ತು ಇಡೀ ಪ್ರಾಂತ್ಯ ಸುತ್ತುವ ಸ್ಪರ್ಧೆಯ ದೊಡ್ಡ ದಿನ, ವೆಂತಿಸ್ಕೆರೊ ಘಟ್ಟ ಹತ್ತುವ ದಿನ. ಇದೆಲ್ಲ ನಡೆದದ್ದು ಕಳೆದ ವರ್ಷ; ಆದರೆ ಎದೆಲ್ಮಿರಾ ಆ ದಿನವನ್ನು ಇಂದಿಗೂ ಕಣ್ಣೆದುರು ನಡೆಯುತ್ತಿರುವಂತೆಯೇ ಹೇಳುತ್ತಾರೆ, ಆದ್ದರಿಂದ ಇಲ್ಲಿಯೂ ಹಾಗೆಯೇ ಇರಲಿ.

ಲಾರಿ ಏರುತ್ತ ಹೋದಂತೆ ಊರುಗಳು ಒಂದೊಂದಾಗಿ ಮಂಜಿನಲ್ಲಿ ಕರಗುತ್ತವೆ. ಮೊದಲು ಇಗರ್ಜಿಯ ಗೋಪುರ, ಆಮೇಲೆ ನೀಲಗಿರಿ ಮರಗಳು, ಕಡೆಗೆ ರಸ್ತೆಯೇ. ಕ್ಯಾನುಗಳು ತೂಕಡಿಸಿದಂತೆ ಒಂದಕ್ಕೊಂದು ತಾಗುತ್ತವೆ. ಎದೆಲ್ಮಿರಾ ಕಣ್ಣು ಮುಚ್ಚುತ್ತಾರೆ. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ತಮಗೆ ಅತ್ಯಂತ ಒಳ್ಳೆಯ ಚಿತ್ರಗಳು ಕಾಣುತ್ತವೆ ಎನ್ನುತ್ತಾರೆ ಅವರು. "ಆಗ ಮಾತ್ರ ಕ್ಯಾಮೆರಾ ಬುಟ್ಟಿ ತಳದಲ್ಲಿರುತ್ತೆ, ಏನ್ಮಾಡೋದು!"

ತುದಿಗೆ ಕೆಲವು ತಿರುವು ಮೊದಲು ಅವರು ಇಳಿಯುತ್ತಾರೆ. ಮೇಲಿನ ಹಳ್ಳಿಗಳ ಹಾಲು ತುಂಬಿಕೊಂಡು ಪಾರ್ಮೆನಿಯೊ ಮಧ್ಯಾಹ್ನದ ಮೇಲೆ ವಾಪಸು ಬರಬೇಕು. ಅಲ್ಲಿ ಆಗಲೇ ಜಾತ್ರೆಯಷ್ಟು ಜನ. ಪ್ಲಾಸ್ಟಿಕ್ ಕುರ್ಚಿ, ಬಿಸಿ ಬೆಲ್ಲದ ನೀರಿನ ಹಂಡೆ, ರಸ್ತೆಯ ತುಂಬ ಸುಣ್ಣದಲ್ಲಿ ಬರೆದ ಸವಾರರ ಹೆಸರು. ಕೆಳಗಿನ ಕಣಿವೆಯಿಂದ ಸೀಟಿಯ ಸದ್ದು ಏರಿ ಬರುತ್ತದೆ, ಆಮೇಲೆ ಟೈರುಗಳ ಸರಸರ, ಆಮೇಲೆ ಮಂಜನ್ನು ಸೀಳಿಕೊಂಡು ಮೊದಲ ಸವಾರ. ಜನ ಹುಚ್ಚೆದ್ದು ಕೂಗುತ್ತಾರೆ. ಒಬ್ಬೊಬ್ಬರಾಗಿ, ಗುಂಪು ಗುಂಪಾಗಿ ಸವಾರರು ಬಂದು ಮತ್ತೆ ಮಂಜಿನೊಳಗೆ ಹೋಗುತ್ತಾರೆ. ಎದೆಲ್ಮಿರಾ ಯಾರನ್ನೂ ಬಿಡದೆ ಕ್ಲಿಕ್ಕಿಸುತ್ತಾರೆ.

ನಮ್ಮ ಕಡೆ ಸ್ಪರ್ಧೆ ಮುಗಿಯುವುದು ಪೊರಕೆ ಗಾಡಿ ಹೋದಾಗ. ಎಲ್ಲರಿಗಿಂತ ಹಿಂದೆ ಬರುವ ಆ ಗಾಡಿಯ ನೆತ್ತಿಗೊಂದು ಪೊರಕೆ ಕಟ್ಟಿರುತ್ತಾರೆ. ಇನ್ನಾಗದು ಎಂದು ಕೈಚೆಲ್ಲಿದವರನ್ನು ಅದು ಗುಡಿಸಿ ತುಂಬಿಕೊಂಡು ಹೋಗುತ್ತದೆ. ಅದು ಕಂಡ ಕೂಡಲೇ ಟೋಪಿ ತೆಗೆದು ಬೀಸಿ, ಕುರ್ಚಿ ಮಡಚಿ ಮನೆಗೆ ಹೊರಡುವುದು ವಾಡಿಕೆ.

ಆ ದಿನವೂ ಮಂಜಿನೊಳಗಿಂದ ಪೊರಕೆ ಬಂತು. ಒಂದಲ್ಲ, ರಾಶಿ ರಾಶಿ. ಪೇಟೆಯಿಂದ ಪೊರಕೆ, ಬಕೆಟ್ಟು ಮಾರಿಕೊಂಡು ಹಳ್ಳಿ ತಿರುಗುವ ವ್ಯಾಪಾರಿಯೊಬ್ಬ ಯಾವುದೋ ಅಡ್ಡದಾರಿಯಿಂದ ದೀಪ ಹಾಕಿಕೊಂಡು ರಸ್ತೆಗೆ ನುಗ್ಗಿಬಿಟ್ಟಿದ್ದ. ಮಬ್ಬಿನಲ್ಲಿ ಜನಕ್ಕೆ ಕಂಡದ್ದು ಗಾಡಿಯ ನೆತ್ತಿ ಮತ್ತು ಪೊರಕೆ, ಅಷ್ಟೇ. ಟೋಪಿಗಳು ಮೇಲೆದ್ದವು, "ಗುಡಿಸ್ಕೊಂಡ್ ಹೋಗಿ ಸ್ವಾಮೀ!" ಎಂಬ ಕೂಗೆದ್ದಿತು. ವ್ಯಾಪಾರಿಯೂ ರಾಜನ ಹಾಗೆ ಕೈ ಬೀಸಿದ. ಹುಟ್ಟಿದಂದಿನಿಂದ ತನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಎಂದು ಆಮೇಲೆ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದನಂತೆ. ಅರ್ಧ ಗಂಟೆಯಲ್ಲಿ ಘಟ್ಟ ಖಾಲಿಯಾಯಿತು. ನಿಜವಾದ ಪೊರಕೆ ಗಾಡಿ ಎಷ್ಟೋ ತಿರುವು ಕೆಳಗೆ, ಸೋತವರಿಬ್ಬರ ಸೈಕಲ್ ಹೇರಿಕೊಳ್ಳುತ್ತ ನಿಂತಿತ್ತು.

ಕಾರಿದ್ದವರೆಲ್ಲ ಹೋದರು. ಬನ್ನಿನ ಬಾಡಿಗೆಯಲ್ಲಿ ಬಂದವರು ಲಾರಿ ಕಾಯುತ್ತ ಕೂರಬೇಕು. ಹಾಗಾಗಿ ಎದೆಲ್ಮಿರಾ ಒಬ್ಬರೇ ಉಳಿದರು. ಬಿಳಿ ಮಂಜು ಇಳಿದು ಇಳಿದು ಹತ್ತು ಹೆಜ್ಜೆ ಆಚೆಗೆ ಏನೂ ಕಾಣದಾಯಿತು. ಮರೆತುಹೋದ ಕೆಂಪು ಕುರ್ಚಿಯೊಂದು ರಸ್ತೆಬದಿಯಲ್ಲಿ ತನ್ನಷ್ಟಕ್ಕೆ ಕೂತಿತ್ತು. ಲೋಕವನ್ನು ಯಾರೋ ಮಡಚಿ ಎತ್ತಿಟ್ಟು ತನ್ನೊಬ್ಬಳನ್ನು ಮರೆತಿದ್ದಾರೆ ಅನ್ನಿಸಿತಂತೆ. ಹೆದರಿಕೆಯೇನೂ ಆಗಲಿಲ್ಲ. ಹಿತವಾಗಿತ್ತು.

ಆಗ ಚೈನಿನ ಸದ್ದು ಕೇಳಿಸಿತು. ನಿಧಾನಕ್ಕೆ, ಇನ್ನೂ ನಿಧಾನಕ್ಕೆ.

ದುವಾನ್ ಚಪಾರ್ರೊ ತನ್ನ ತಂಡದ ನಾಯಕನಿಗೆ ದಿನವಿಡೀ ನೀರಿನ ಬಾಟಲಿ ಹೊತ್ತು ತಂದವನು. ಅವನ ಕೆಲಸವೇ ಅದು. ಈಗ ಹೊಟ್ಟೆಯಲ್ಲಿ ಏನೂ ಇಲ್ಲ, ಕಾಲಲ್ಲಿ ಜೀವವಿಲ್ಲ. ತಿರುವಿಗೆ ಬಂದವನು ಆಚೆ ಈಚೆ ನೋಡಿದ. ಒಂದು ನರಪಿಳ್ಳೆಯೂ ಇಲ್ಲ, ಖಾಲಿ ಕುರ್ಚಿ ಮಾತ್ರ. ಎಡಗಾಲನ್ನು ಇಳಿಸಿ ರಸ್ತೆಯಂಚಿನ ಕೆಸರಿನಲ್ಲಿ ಊರಿದ. ಹಣೆಯನ್ನು ಹ್ಯಾಂಡಲಿನ ಮೇಲೆ ಇಟ್ಟ. ಅವನ ಮುಂದೆ ರಸ್ತೆಯ ಮೇಲೆ ಬೇರೆ ಯಾರದೋ ಹೆಸರು ದೊಡ್ಡದಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಅವನ ಬೆನ್ನ ಹಿಂದೆ, ರಸ್ತೆಬದಿಯ ಮಬ್ಬಿನಲ್ಲಿ ನಿಂತಿದ್ದ ಎದೆಲ್ಮಿರಾರ ಕೈ ತಾನಾಗಿ ಕ್ಯಾಮೆರಾ ಎತ್ತಿತು. ಒಂದೇ ಒಂದು ಚಿತ್ರ. ಆಮೇಲೆ ಏನಾಯಿತು ಎಂಬುದನ್ನು ಅವರು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಆ ಚಿತ್ರವನ್ನು ದುವಾನನ ತಾಯಿಗೂ ಕಳಿಸಲಿಲ್ಲ. ಕಾರಣವಿದೆ. ನಮ್ಮಲ್ಲಿ ಕೊನೆಯವನಾಗಿ ಬಂದರೆ ಅವಮಾನವಿಲ್ಲ. ಏರಿನಲ್ಲಿ ಕಾಲೂರಿದರೆ ಅವಮಾನ. ಸವಾರ ಮನೆಗೆ ಬಂದಾಗ ಬಾಗಿಲಲ್ಲೇ ಅಪ್ಪ ಕೇಳುವ ಪ್ರಶ್ನೆ ಎಷ್ಟನೆಯವರಾಗಿ ಬಂದಿರಿ ಎಂದಲ್ಲ, "ಕಾಲೂರಿದ್ರಾ?" ಎಂದು. ದುವಾನ್ "ಇಲ್ಲ ಅಪ್ಪಾ" ಎಂದನಂತೆ. ಊರಿಗೆ ಊರೇ ಕೊಂಡಾಡಿತು. ಹುಡುಗ ಎಲ್ಲರಿಗಿಂತ ಹಿಂದೆ ಬಿದ್ದರೂ, ನೋಡುವವರು ಒಬ್ಬರಿಲ್ಲದಿದ್ದರೂ, ಕಾಲು ನೆಲಕ್ಕೆ ತಾಗಿಸಲಿಲ್ಲವಂತೆ! ಬಸ್ ನಿಲ್ದಾಣದಲ್ಲಿ ಬನ್ನು ತಿನ್ನುತ್ತ ಜನ ಈ ಕಥೆಯನ್ನು ಎದೆಲ್ಮಿರಾರಿಗೇ ಹೇಳಿದರು. ಅವರು ಚಿಲ್ಲರೆ ಎಣಿಸುವ ನೆಪ ಮಾಡಿದರು.

ಈ ವರ್ಷ ರಾಜಧಾನಿ ಬೊಗೊತಾದಿಂದ ಕರೆ ಬಂತು. ಸೈಕಲ್ ಸ್ಪರ್ಧೆಗಳ ಚಿತ್ರಪ್ರದರ್ಶನ ಮಾಡುತ್ತಿದ್ದಾರೆ, ದೊಡ್ಡ ದೊಡ್ಡವರ ನಡುವೆ ಹವ್ಯಾಸಿಯೊಬ್ಬರದೂ ಇರಲಿ ಎಂದು ಹುಡುಕಿ, ತಾಯಂದಿರ ಕೈಯಿಂದ ಕೈಗೆ ದಾಟಿದ ಚಿತ್ರಗಳ ಮೂಲಕ ಎದೆಲ್ಮಿರಾರನ್ನು ಪತ್ತೆ ಹಚ್ಚಿದ್ದಾರೆ. ಇದ್ದಬದ್ದುದೆಲ್ಲ ಕಳಿಸಿ ಎಂದರು. ಎದೆಲ್ಮಿರಾ ಸಂಭ್ರಮದಲ್ಲಿ ಎಲ್ಲವನ್ನೂ ಕಳಿಸಿಬಿಟ್ಟರು. ಆಯ್ಕೆಯಾದದ್ದು ಒಂದೇ, ಆ ಒಂದು. ಬಾಗಿಲ ಎದುರಿನ ಗೋಡೆಯ ಅಗಲಕ್ಕೂ ಹಾಕುತ್ತಾರಂತೆ, ಕೆಳಗೆ ಎದೆಲ್ಮಿರಾರ ಹೆಸರು. ಬೇರೆಯದು ಆಗದೇ ಎಂದು ಕೇಳಿದ್ದಕ್ಕೆ, ಅದಿಲ್ಲದಿದ್ದರೆ ಇನ್ನೊಬ್ಬ ಹವ್ಯಾಸಿಯನ್ನು ನೋಡುತ್ತೇವೆ ಎಂದರು. ಆ ದಿನ ಎದೆಲ್ಮಿರಾ ಮಾಡಿದ ಬನ್ನುಗಳೆಲ್ಲ ಉಪ್ಪುಪ್ಪು.

ದುವಾನನನ್ನು ಕೇಳದೆ ಕೊಡಬಹುದಿತ್ತು. ಬೊಗೊತಾ ದೂರ, ಆಲೂಗೆಡ್ಡೆ ಬೆಳೆಯುವವರು ಅಲ್ಲಿಗೆ ಗೋಡೆ ನೋಡಲು ಹೋಗುವುದಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಚಿತ್ರದ ಒಂದು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಪಾರ್ಮೆನಿಯೊ ಅವರ ಲಾರಿ ಹತ್ತಿ ಅವನ ಊರಿಗೆ ಹೊರಟರು. ದಾರಿಯುದ್ದಕ್ಕೂ ಅವನು ಬೇಡವೆನ್ನಲಿ, ಪೀಡೆ ಕಳೆಯಲಿ ಎಂದೂ, ದೇವರೇ ಹೂಂ ಅನ್ನಲಿ ಎಂದೂ ಸರದಿಯ ಮೇಲೆ ಬೇಡಿಕೊಂಡರು.

ದುವಾನ್ ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ. ಚಿತ್ರ ನೋಡಿದವನ ಮುಖ ಬಿಳಿಚಿಕೊಂಡಿತು.

"ತುದಿ ಇಲ್ಲೇ ಇದೆ ಅಂತ ಅವತ್ತು ಹಿಂದಿನಿಂದ ಕೂಗಿದ್ದು ನೀವಾ ಅಕ್ಕಾ? ಎಂಥ ಸುಳ್ಳು ಹೇಳಿದ್ರಿ! ಇನ್ನೂ ಎಷ್ಟು ತಿರುವಿತ್ತು!"

"ನಿಜ ಹೇಳಿದ್ರೆ ಹತ್ತುತಿದ್ರಾ?"

ಅವನು ನಗಲಿಲ್ಲ. "ಇದನ್ನ ಯಾರ್ಯಾರು ನೋಡಿದಾರೆ?"

"ಬೊಗೊತಾದವ್ರು. ಅಲ್ಲಿ ಪ್ರದರ್ಶನದಲ್ಲಿ ಗೋಡೆ ತುಂಬ ಹಾಕ್ತೀವಿ ಅಂತಾರೆ. ಅವ್ರಿಗೆ ಇದ್ರಲ್ಲಿ ಮಂಜು ಬಿಟ್ಟು ಬೇರೇನೂ ಕಾಣ್ಸಲ್ಲ."

"ನಮ್ಮೂರವ್ರಿಗೆ ಕಾಲು ಬಿಟ್ಟು ಬೇರೇನೂ ಕಾಣ್ಸಲ್ಲ."

"ಬೇಡ ಅಂದ್ರೆ ಬೇಡ ಮಗಾ, ಅವ್ರಿಗೂ ಹಾಗೇ ಹೇಳ್ತೀನಿ. ಇಲ್ಲೇ ಒಲೆಗೆ ಹಾಕ್ಬಿಡಿ. ನಾನು ಬೇಜಾರು ಮಾಡ್ಕೊಳಲ್ಲ." ಅಷ್ಟು ವರ್ಷ ಲಾರಿಗಳಲ್ಲಿ ಕುಲುಕಾಡಿದ್ದಕ್ಕೆ ಸಿಕ್ಕ ಒಂದೇ ಗೋಡೆ ಅದು.

ಬೆಲ್ಲದ ನೀರು ತಂದ ತಾಯಿ ದೊನ್ಯಾ ಓತಿಲಿಯಾ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅಯ್ಯಯ್ಯೋ, ಆ ಚಳೀಲಿ ತುಂಡು ತೋಳಿನ ಅಂಗಿ! ಅದಕ್ಕೇ ವಾರವಿಡೀ ಕೆಮ್ಮಿದ್ದು." ಮಗ ತಡೆಯುವಷ್ಟರಲ್ಲಿ ಹೊಲದ ಕಡೆ ತಿರುಗಿ ಗಂಡನನ್ನು ಕರೆದೇಬಿಟ್ಟರು. "ಬನ್ನೀ ಇಲ್ಲಿ! ನಿಮ್ಮ ಮಗ ಫೋಟೊದಲ್ಲಿ ಬಂದಿದಾರೆ!" ನಮ್ಮ ಕಡೆ ಹಸುಗೂಸಿಗೂ ಬಹುವಚನ, ಹಾಲು ಕುಡಿದು ಓಡುವ ಬೆಕ್ಕಿಗೂ ಬಹುವಚನ.

ದೊನ್ ಎಲಿಯೊದೊರೊ ಬಂದರು. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ದುವಾನ್ ನೆಲ ನೋಡುತ್ತಿದ್ದ.

"ಅಪ್ಪಾ, ಅವತ್ತು ನಾನು..."

"ಗೊತ್ತು."

"ಏನು ಗೊತ್ತು?"

"ಅವತ್ತು ನಿಮ್ಮ ಬೂಟು ತೊಳ್ದಿದ್ದು ಯಾರು? ನಾನೇ ತಾನೆ? ಎಡಗಾಲಿನ ಅಡೀಲಿ ಕರೀ ಮಣ್ಣು ಮೆತ್ಕೊಂಡಿತ್ತು. ನಮ್ಮ ಮಣ್ಣು ಕೆಂಪು. ಕರೀದು ಸಿಗೋದು ಆ ಘಟ್ಟದ ಮೇಲ್ಗಡೆ. ಕಡ್ಡೀಲಿ ಕೆರೆದು ತೆಗ್ದೆ."

"ಮತ್ತೆ ಒಂದ್ ಮಾತೂ ಆಡ್ಲಿಲ್ವಲ್ಲ!"

"ಆಡೋದೇನಿದೆ? ನಮ್ಮಪ್ಪ ಬಾಗಿಲಲ್ಲಿ ನಿಂತು ನನ್ನನ್ನ ಕೇಳ್ದಾಗ ನಾನೂ ಇಲ್ಲ ಅಂತಾನೇ ಅಂದಿದ್ದೆ."

ಓತಿಲಿಯಾರಿಗೆ ನಗು ಉಕ್ಕಿ ಬಂದು ಕೈಯಲ್ಲಿದ್ದ ಲೋಟ ಚೆಲ್ಲಿತು. ದುವಾನ್ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ ಎದೆಲ್ಮಿರಾ ನೋಡಲು ಹೋಗಲಿಲ್ಲ. ಆಮೇಲೆ ಅವನೇ ಹೇಳಿದ: "ಹಾಕ್ಲಿ ಬಿಡಿ ಅಕ್ಕಾ. ಗೋಡೆ ತುಂಬ ಹಾಕ್ಲಿ."

"ಹಾಕ್ಲಿ," ಎಂದರು ಎಲಿಯೊದೊರೊ, ಚಿತ್ರವನ್ನು ಇನ್ನೂ ಕೈಬಿಡದೆ. "ಆದ್ರೆ ಕಾಲೂರಿದ್ದು ಮಾತ್ರ ತೋರ್ಸಿದ್ರೆ ಅರ್ಧ ಕಥೆ ಆಯ್ತಲ್ಲ ದೊನ್ಯಾ. ಮತ್ತೆ ಹತ್ಕೊಂಡು ಹೋದ್ರಲ್ಲ ಇವ್ರು, ಆ ಫೋಟೊನೂ ಪಕ್ಕದಲ್ಲಿರ್ಲಿ. ಎಲ್ಲಿ ಅದು?"

ಎದೆಲ್ಮಿರಾರ ಮುಖ ಕೆಂಪೇರಿತು. ದುವಾನನ ಕಡೆ ನೋಡಿದರು. ಅವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

"ಅದು ತೆಗೆಯೋಕೆ ಆಗ್ಲಿಲ್ಲ ದೊನ್ ಎಲಿಯೊದೊರೊ," ಎಂದರು ಎದೆಲ್ಮಿರಾ. "ಆಗ ನನ್ನ ಎರಡೂ ಕೈ ನಿಮ್ಮ ಮಗನ ಬೆನ್ನ ಮೇಲಿದ್ವು."